ಶಸ್ತ್ರಚಿಕಿತ್ಸೆಯಾದ ನಾಯಿಗೆ ಕೋನ್ ಹಾಕಿದ ಮೇಲಿನ ಎರಡು ವಾರ

ನಮ್ಮ ಮನೆಯ ಕೆಂಚಿ ಕೋಲಾರದ ಬೀದಿಯಲ್ಲೇ ಹುಟ್ಟಿದ ನಾಟಿ ನಾಯಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಲ್ಕನೆಯ ರಾತ್ರಿ ಅದು ಕೊರಳಿಗೆ ಕೋನ್, ಅಂದರೆ ಗಾಯ ನೆಕ್ಕದಂತೆ ತಲೆಯ ಸುತ್ತ ಹಾಕುವ ಲಾಳಿಕೆಯಾಕಾರದ ಕಾಲರ್, ಹೊತ್ತುಕೊಂಡು ಬಾಗಿಲ ಪಕ್ಕದಲ್ಲಿ ನಿಂತು, ತಲೆ ತಗ್ಗಿಸಿ ಮುಲುಗುತ್ತಿದ್ದುದನ್ನು ನೋಡಲಾರದೆ, ಒಂದು ಗಳಿಗೆಯಾದರೂ ಆರಾಮವಾಗಿ ಮಲಗಲಿ ಎಂದು ನಾನೇ ಅದನ್ನು ಬಿಚ್ಚಿದೆ. ಹಾಲು ಕಾಯಿಸಿ ಅಡುಗೆಮನೆಯಿಂದ ಹೊರಬರುವಷ್ಟರಲ್ಲಿ ಅದು ಎರಡು ಹೊಲಿಗೆಗಳನ್ನು ಮುಂಬಲ್ಲಿನಿಂದ ಕಿತ್ತು ಹಾಕಿತ್ತು. ಮರುದಿನ ಬೆಳಿಗ್ಗೆ ಮತ್ತೆ ಅರಿವಳಿಕೆ, ಮತ್ತೆ ಹೊಲಿಗೆ, ಮತ್ತೆ ಒಂದರಿಂದ ದಿನಗಳ ಎಣಿಕೆ. ಕನಿಕರದಿಂದ ನಾನು ಮಾಡಿದ ಕೆಲಸದ ನೋವನ್ನು ಅನುಭವಿಸಿದ್ದು ಆ ಪ್ರಾಣಿ. ಕೋನ್ ಬಿಚ್ಚಬೇಕು ಎಂದು ಕೈ ಹೋದಾಗಲೆಲ್ಲ ಕೋನನ್ನು ಹಾಗೆಯೇ ಬಿಟ್ಟು ಅದರ ಸುತ್ತಲಿನದನ್ನು, ಅಂದರೆ ತಟ್ಟೆಯ ಎತ್ತರ, ನಡೆಯುವ ದಾರಿ, ಹಾಸಿಗೆ, ನಮ್ಮ ನಡವಳಿಕೆ, ಇವುಗಳನ್ನು ಬದಲಿಸಬೇಕು ಎಂಬುದು ನಂತರದ ಎರಡು ವಾರಗಳಲ್ಲಿ ನನಗೆ ತಿಳಿದುಬಂತು. ಈ ಲೇಖನದಲ್ಲಿ ಅದನ್ನೇ ಹಂತ ಹಂತವಾಗಿ ಹೇಳಿದ್ದೇನೆ.

ನೆಕ್ಕಿದರೆ ವಾಸಿಯಾಗುವುದಿಲ್ಲ

ಕೋನ್ ಹಾಕಿದ ನಾಯಿಯನ್ನು ಕಂಡ ಅಕ್ಕಪಕ್ಕದವರು "ಪಾಪ, ಮೂಕಪ್ರಾಣಿಗೆ ಯಾಕಮ್ಮ ಈ ಶಿಕ್ಷೆ, ನಾಯಿಯ ನಾಲಿಗೆಯಲ್ಲೇ ಔಷಧಿ ಇರುತ್ತದೆ" ಎನ್ನುವುದು ನಮ್ಮ ಕಡೆ ಸಾಮಾನ್ಯ. ಈ ಮಾತಿಗೆ ಮನೆಯವರೆಲ್ಲರೂ ಮೊದಲೇ ಗಟ್ಟಿಯಾಗಿ ಉತ್ತರ ಕಂಡುಕೊಂಡಿರಬೇಕು, ಇಲ್ಲವಾದರೆ ನೀವು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಹಿರಿಯರೊಬ್ಬರು ಪ್ರೀತಿಯಿಂದಲೇ ಅದನ್ನು ಬಿಚ್ಚಿಬಿಡುತ್ತಾರೆ. ನಾಯಿಯ ಬಾಯಿಯಲ್ಲಿ ಅನೇಕ ಬಗೆಯ ಬ್ಯಾಕ್ಟೀರಿಯಾಗಳಿರುತ್ತವೆ, ಅದರ ನಾಲಿಗೆ ಒರಟಾಗಿರುತ್ತದೆ, ಮತ್ತು ಸದಾ ಒದ್ದೆಯಾಗಿರುವ ಹೊಲಿಗೆಯ ಅಂಚು ಕೂಡಿಕೊಳ್ಳುವ ಬದಲು ಮೆತ್ತಗಾಗಿ ಬಿಡಿಸಿಕೊಳ್ಳುತ್ತದೆ. ಹೆಣ್ಣು ನಾಯಿಯ ಸಂತಾನಹರಣದಲ್ಲಿ ಹೊಟ್ಟೆಯ ಗೋಡೆಯನ್ನೇ ತೆರೆದು ಹೊಲಿದಿರುತ್ತಾರೆ. ಮೇಲಿನ ಚರ್ಮದ ಕೆಳಗೆ ಇನ್ನೂ ಪದರಗಳ ಹೊಲಿಗೆ ಇರುತ್ತದೆ. ಹೊರಗಿನ ಎರಡು ಗಂಟು ಬಿಚ್ಚಿದರೆ ಅದು ಹೊರಗಿನ ತೊಂದರೆಯಾಗಿಯೇ ಉಳಿಯುತ್ತದೆ ಎಂದು ಹೇಳಲು ಬರುವುದಿಲ್ಲ.

ನಮ್ಮ ಸೀಮೆಯಲ್ಲಿ ಇನ್ನೊಂದು ಅಪಾಯವೂ ಇದೆ. ಬಿಚ್ಚಿದ, ಒದ್ದೆಯಾದ ಗಾಯದ ಮೇಲೆ ನೊಣ ಕೂತು ಮೊಟ್ಟೆಯಿಟ್ಟರೆ ಬಹಳ ಬೇಗ ಹುಳು ಬೀಳುತ್ತದೆ. ದನಕರು ಸಾಕಿದವರಿಗೆ ಇದನ್ನು ವಿವರಿಸಬೇಕಾದ ಅಗತ್ಯವಿಲ್ಲ.

ದಿನ ನಿಗದಿಯಾದ ಕೂಡಲೇ ಅಭ್ಯಾಸ

ಶಸ್ತ್ರಚಿಕಿತ್ಸೆಯ ದಿನ ಮೊದಲೇ ಗೊತ್ತಿದ್ದರೆ ಐದಾರು ದಿನ ಮುಂಚೆಯೇ ಕೋನನ್ನು ಮನೆಗೆ ತನ್ನಿ. ನೋವು, ಮಂಪರು, ಆಸ್ಪತ್ರೆಯ ವಾಸನೆ ಇವೆಲ್ಲ ಒಟ್ಟಿಗೆ ಕಾಡುವ ಹೊತ್ತಿನಲ್ಲಿ ಮೊದಲ ಬಾರಿಗೆ ಕಂಡ ವಸ್ತುವನ್ನು ಯಾವ ನಾಯಿಯೂ ಒಪ್ಪುವುದಿಲ್ಲ. ಆರೋಗ್ಯವಾಗಿರುವಾಗಲೇ ಆಟದಂತೆ ಪರಿಚಯಿಸಿದರೆ ಅರ್ಧ ಕೆಲಸ ಅಲ್ಲಿಗೆ ಮುಗಿಯುತ್ತದೆ.

ಮೊದಲ ದಿನ ಅದನ್ನು ನೆಲದ ಮೇಲೆ ಸುಮ್ಮನೆ ಇಟ್ಟುಬಿಡಿ. ನಾಯಿ ಬಂದು ಮೂಸಿದಾಗ ಬೇಯಿಸಿದ ಕೋಳಿಯ ಚೂರನ್ನೋ ಮೊಟ್ಟೆಯ ತುಣುಕನ್ನೋ ಕೊಡಿ. ಮರುದಿನ ಕೋನನ್ನು ಕೈಯಲ್ಲಿ ಹಿಡಿದು, ಅದರ ದೊಡ್ಡ ಬಾಯಿಯ ಕಡೆ ತಿಂಡಿ ಇಟ್ಟು, ನಾಯಿ ತಾನಾಗಿಯೇ ಸಣ್ಣ ಬಾಯಿಯೊಳಗೆ ಮೂತಿ ಹಾಕುವಂತೆ ಮಾಡಿ. ಇಲ್ಲಿ ಅವಸರಪಟ್ಟು ಕೋನನ್ನು ಮುಂದಕ್ಕೆ ತಳ್ಳಬಾರದು, ಮೂತಿಯೇ ಅದರೊಳಗೆ ಬರಬೇಕು. ನಂತರ ಅದನ್ನು ಕೊರಳಿಗೆ ಏರಿಸಿ, ಗುಂಡಿ ಹಾಕದೆ, ಐದು ಎಣಿಸಿ ತೆಗೆಯಿರಿ. ಅದು ಸರಾಗವಾದ ಮೇಲೆ ಗುಂಡಿ ಹಾಕಿ ಅರ್ಧ ನಿಮಿಷ, ಮತ್ತೊಮ್ಮೆ ಎರಡು ನಿಮಿಷ, ಕೊನೆಗೆ ಊಟ ಮುಗಿಯುವವರೆಗೆ ಇಡಿ. ಗುಂಡಿಯ 'ಟಕ್' ಶಬ್ದ ಕಿವಿಯ ಹತ್ತಿರವೇ ಆಗುವುದರಿಂದ ಕೆಲವು ನಾಯಿಗಳು ಕೋನಿಗಿಂತ ಆ ಶಬ್ದಕ್ಕೇ ಹೆಚ್ಚು ಬೆಚ್ಚುತ್ತವೆ. ಅಂಥ ನಾಯಿಗೆ ಆ ಶಬ್ದವನ್ನೇ ಬೇರೆಯಾಗಿ, ಕೋನ್ ಕೈಯಲ್ಲಿರುವಾಗ ಹಲವು ಬಾರಿ ಕೇಳಿಸಿ, ಪ್ರತಿ ಬಾರಿಯೂ ತಿಂಡಿ ಕೊಡಿ.

ಈ ತಿಂಡಿಯ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಚಿಕ್ಕಬಳ್ಳಾಪುರ, ಕೋಲಾರ ಎರಡೂ ದ್ರಾಕ್ಷಿ ಬೆಳೆಯುವ ಜಿಲ್ಲೆಗಳು. ಕೈಗೆ ಸಿಕ್ಕಿತೆಂದು ದ್ರಾಕ್ಷಿಯನ್ನಾಗಲಿ ಒಣದ್ರಾಕ್ಷಿಯನ್ನಾಗಲಿ ನಾಯಿಗೆ ಕೊಡಬಾರದು, ಅದರೊಳಗೆ ಮಾತ್ರೆ ಅಡಗಿಸಿಯೂ ಕೊಡಬಾರದು. ಸ್ವಲ್ಪವೇ ತಿಂದರೂ ಕೆಲವು ನಾಯಿಗಳ ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತವೆ. ಬೇಯಿಸಿದ ಗೆಣಸು, ಕ್ಯಾರೆಟ್, ಪನ್ನೀರು ಇವುಗಳಿಂದ ತೊಂದರೆಯಿಲ್ಲ.

ಅಳತೆ ಸರಿಯಿರಲಿ

ಕೋನಿನ ಮೇಲೆ ಮುದ್ರಿಸಿರುವ ನಂಬರು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುವುದರಿಂದ ನಂಬರು ಹೇಳಿ ತರುವುದಕ್ಕಿಂತ ಅಳತೆ ತೆಗೆದುಕೊಂಡು ಹೋಗುವುದು ಒಳ್ಳೆಯದು. ಒಂದು ದಾರವನ್ನು ಕೊರಳಪಟ್ಟಿ ಕೂರುವ ಜಾಗದಲ್ಲಿ ಸುತ್ತಿ ಸುತ್ತಳತೆಯನ್ನೂ, ಅಲ್ಲಿಂದ ಮೂಗಿನ ತುದಿಯವರೆಗಿನ ಉದ್ದವನ್ನೂ ಗುರುತು ಮಾಡಿಕೊಳ್ಳಿ. ಹಾಕಿದ ಮೇಲೆ ಕೋನಿನ ಅಂಚು ಮೂಗಿಗಿಂತ ಎರಡು ಮೂರು ಸೆಂಟಿಮೀಟರ್ ಮುಂದಿರಬೇಕು ಮತ್ತು ಕೊರಳಿಗೂ ಪಟ್ಟಿಗೂ ನಡುವೆ ನಿಮ್ಮ ಎರಡು ಬೆರಳು ಸಲೀಸಾಗಿ ತೂರಬೇಕು. ಒಂದೇ ಬೆರಳು ತೂರಿದರೆ ಉಸಿರಿಗೂ ನುಂಗುವುದಕ್ಕೂ ಕಷ್ಟ. ಮೂರು ನಾಲ್ಕು ತೂರಿದರೆ ನಾಯಿ ಮುಂಗಾಲಿನಿಂದ ಅದನ್ನು ಕಿತ್ತೊಗೆಯುತ್ತದೆ. ಹಾಕಿದ ಕೂಡಲೇ ನಾಯಿಯನ್ನು ಕೂರಿಸಿ ಅದರ ಮೂತಿಯನ್ನು ತಿಂಡಿಯ ಆಸೆ ತೋರಿಸಿ ಗಾಯದ ಕಡೆಗೆ ತಿರುಗಿಸಿ ನೋಡಿ: ನಾಲಿಗೆ ಗಾಯಕ್ಕೆ ತಲುಪುವಂತಿದ್ದರೆ ಆ ಕೋನ್ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನವಿಲ್ಲ.

ಮುಧೋಳದಂಥ ಉದ್ದ ಮೂತಿಯ ತಳಿಗಳಲ್ಲಿ ತಲೆ ಸಪೂರವಾಗಿದ್ದು ಕೊರಳಿಗಿಂತ ಹೆಚ್ಚು ಅಗಲವಿರದ ಕಾರಣ ಕೋನ್ ಜಾರಿ ಬರುತ್ತದೆ. ಅಂಥ ನಾಯಿಗೆ ಕೋನಿನ ತೂತುಗಳಲ್ಲಿ ಬಟ್ಟೆಯ ಲಾಡಿ ಪೋಣಿಸಿ, ಅದನ್ನು ಮಾಮೂಲಿ ಕೊರಳಪಟ್ಟಿಗೆ ಅಥವಾ ಎದೆಪಟ್ಟಿಗೆ ಕಟ್ಟಬೇಕು. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗಳಿಗೆ ಉಸಿರಾಟವೇ ಸೂಕ್ಷ್ಮವಾಗಿರುವುದರಿಂದ ಕೋನ್ ಆಳವಾಗಿರಬಾರದು, ಮತ್ತು ಬಿಸಿಲಿನಲ್ಲಿ ಅವುಗಳನ್ನು ಹೊರಗೆ ಬಿಡಲೇಬಾರದು.

ಪಾರದರ್ಶಕ ಪ್ಲಾಸ್ಟಿಕ್ ಕೋನಿನಲ್ಲಿ ನಾಯಿಗೆ ಪಕ್ಕದ ದೃಶ್ಯ ಅಷ್ಟಿಷ್ಟು ಕಾಣುವುದರಿಂದ ಗಾಬರಿ ಕಡಿಮೆ. ಬಟ್ಟೆಯ ಮೆತ್ತನೆಯ ಕೋನ್ ಮಲಗಲು ಹಿತವಾಗಿರುತ್ತದೆಯಾದರೂ ಹಟದ ನಾಯಿ ಅದನ್ನು ಮಡಚಿ ಗಾಯವನ್ನು ಮುಟ್ಟಿಬಿಡುತ್ತದೆ. ಗಾಳಿ ತುಂಬುವ ಬಳೆಯಾಕಾರದ ಕಾಲರ್ ನೋಡಲು ಆರಾಮವೆನಿಸಿದರೂ ಉದ್ದ ಮೂತಿಯ ನಾಯಿಗಳನ್ನು ತಡೆಯಲಾರದು. ಕಣ್ಣು, ಕಿವಿ, ಪಾದದ ಗಾಯಗಳಿಗೆ ಅದನ್ನು ನಂಬುವಂತಿಲ್ಲ.

ತಾಲ್ಲೂಕು ಕೇಂದ್ರಗಳಲ್ಲಿ ಒಮ್ಮೊಮ್ಮೆ ಸರಿಯಾದ ಅಳತೆಯದು ಸಿಗುವುದೇ ಇಲ್ಲ. ಆಗ ಮನೆಯಲ್ಲಿರುವ ಹಳೆಯ ಎಕ್ಸ್‌ರೇ ಫಿಲ್ಮ್ ಉಪಯೋಗಕ್ಕೆ ಬರುತ್ತದೆ. ನಮ್ಮ ಅತ್ತೆಯವರ ಮಂಡಿಯ ಎರಡು ಎಕ್ಸ್‌ರೇಗಳನ್ನು ಅರ್ಧಚಂದ್ರಾಕಾರದಲ್ಲಿ ಕತ್ತರಿಸಿ, ಒಂದರ ಮೇಲೊಂದು ಅಂಚು ಬರುವಂತೆ ಲಾಳಿಕೆಯ ಹಾಗೆ ಸುತ್ತಿ, ಔಷಧಿ ಅಂಗಡಿಯ ಬಟ್ಟೆ ಟೇಪಿನಿಂದ ಅಂಟಿಸಿದಾಗ ಕೆಂಚಿಗೆ ಒಂದು ರಾತ್ರಿ ಮತ್ತು ಒಂದು ಹಗಲಿನ ಮಟ್ಟಿಗೆ ಸಾಕಾಯಿತು. ಫಿಲ್ಮಿನ ಅಂಚು ಬ್ಲೇಡಿನಂತೆ ಕೊಯ್ಯುತ್ತದೆ. ಆದ್ದರಿಂದ ಕೊರಳಿನ ಕಡೆಯ ಅಂಚಿಗೆ ಹತ್ತಿಯಿಟ್ಟು ಬ್ಯಾಂಡೇಜ್ ಸುತ್ತುವುದನ್ನೂ, ಹೊರ ಅಂಚಿಗೆ ಟೇಪ್ ಮಡಚುವುದನ್ನೂ ಮರೆಯಬೇಡಿ. ಇದು ಅಂಗಡಿಯದು ಸಿಗುವವರೆಗಿನ ಏರ್ಪಾಡು ಮಾತ್ರ.

ಮೊದಲ ರಾತ್ರಿ

ಆಸ್ಪತ್ರೆಯಿಂದ ಹೊರಡುವ ಮೊದಲೇ ಕೋನ್ ಹಾಕಿಸಿಕೊಳ್ಳಿ. ಮೂಳೆ ಮುರಿತದಂಥ ದೊಡ್ಡ ಶಸ್ತ್ರಚಿಕಿತ್ಸೆಗೆ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಯವರೆಗೂ ಹೋಗುವವರು ನಮ್ಮ ಕಡೆ ಇದ್ದಾರೆ. ಅಷ್ಟು ದೂರದ ಪ್ರಯಾಣದಲ್ಲಿ ಹಿಂದಿನ ಸೀಟಿನಲ್ಲಿ ಮಲಗಿದ ನಾಯಿ ಯಾರಿಗೂ ತಿಳಿಯದಂತೆ ಗಾಯ ನೆಕ್ಕಿಕೊಳ್ಳಬಲ್ಲದು. ವೈದ್ಯರ ದೂರವಾಣಿ ಸಂಖ್ಯೆ, ಹೊಲಿಗೆ ತೆಗೆಯುವ ದಿನಾಂಕ, ಔಷಧಿಯ ಹೊತ್ತು ಇವಿಷ್ಟನ್ನು ಬರೆಸಿಕೊಳ್ಳಿ.

ಅರಿವಳಿಕೆಯ ಮಂಪರು ಪೂರ್ತಿ ಇಳಿಯಲು ಒಂದು ದಿನದವರೆಗೂ ಹಿಡಿಯಬಹುದು. ಆ ಹೊತ್ತಿನಲ್ಲಿ ನಾಯಿ ತೂರಾಡುತ್ತದೆ, ನಡುಗುತ್ತದೆ, ಸುಮ್ಮಸುಮ್ಮನೆ ಮುಲುಗುತ್ತದೆ. ಇದೆಲ್ಲವನ್ನೂ ಕೋನಿನ ಹಿಂಸೆಯೆಂದು ತಿಳಿದು ಅದನ್ನು ಬಿಚ್ಚಬಾರದು. ನಂದಿ ಬೆಟ್ಟದ ಆಸುಪಾಸಿನ ಚಳಿಗಾಲದ ರಾತ್ರಿಗಳಲ್ಲಂತೂ ಅದಕ್ಕೆ ಬೆಚ್ಚನೆಯ ಜಾಗ ಬೇಕು. ಅಂಚು ಎತ್ತರವಿರುವ ಬುಟ್ಟಿಯ ಹಾಸಿಗೆ ಈ ಎರಡು ವಾರ ಬೇಡ, ಕೋನ್ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ನೆಲದ ಮೇಲೆ ಮಡಚಿ ಹಾಸಿದ ಹಳೆಯ ಜಮಖಾನೆ ಸಾಕು. ಗೋಡೆಯಿಂದ ಒಂದು ಮೊಳ ದೂರದಲ್ಲಿ ಹಾಸಿದರೆ ನಾಯಿ ಹೊರಳುವಾಗ ಕೋನ್ ಗೋಡೆಗೆ ಬಡಿಯುವುದಿಲ್ಲ. ಸುತ್ತಿದ ಟವೆಲೊಂದನ್ನು ಕೊರಳಿನ ಕೆಳಗೆ ಇಟ್ಟಾಗ ಕೆಂಚಿ ಮೊದಲ ಬಾರಿಗೆ ಉಸ್ಸೆಂದು ಉಸಿರುಬಿಟ್ಟು ತಲೆ ಊರಿತು. ಅದಕ್ಕೂ ಮೊದಲು ಒಂದು ಗಂಟೆ ತಲೆಯನ್ನು ಗಾಳಿಯಲ್ಲೇ ಹಿಡಿದುಕೊಂಡು ಕೂತಿತ್ತು, ಎಲ್ಲಿ ಇಡಬೇಕೆಂದು ಅದಕ್ಕೆ ಗೊತ್ತಾಗಿರಲಿಲ್ಲ.

ಮೊದಲ ಬಾರಿ ಕೋನ್ ಹಾಕಿದಾಗ ಅನೇಕ ನಾಯಿಗಳು ಕಲ್ಲಿನಂತೆ ನಿಂತುಬಿಡುತ್ತವೆ, ಕೆಲವು ಹಿಂದು ಹಿಂದಕ್ಕೆ ನಡೆಯುತ್ತವೆ. ಅವುಗಳನ್ನು ಎಳೆಯಬೇಡಿ, ಮಕ್ಕಳು ಸುತ್ತ ನಿಂತು ನಗುವುದಕ್ಕೂ ಬಿಡಬೇಡಿ. ಮೂಗಿನ ಮುಂದೆ ತಿಂಡಿ ಹಿಡಿದು ಎರಡು ಹೆಜ್ಜೆ ನಡೆಸಿ ಕೊಡಿ, ನಂತರ ನಾಲ್ಕು ಹೆಜ್ಜೆ. ಸಾಮಾನ್ಯವಾಗಿ ಎರಡು ಮೂರು ದಿನಗಳಲ್ಲಿ ಅವು ತಮ್ಮ ಹೊಸ ಅಗಲವನ್ನು ಕಲಿತುಕೊಳ್ಳುತ್ತವೆ.

ಊಟ ಮತ್ತು ನೀರು

ಜನ ಕೋನ್ ಬಿಚ್ಚುವುದು ಹೆಚ್ಚಾಗಿ ಈ ಕಾರಣಕ್ಕೇ: "ಏನೂ ತಿನ್ನುತ್ತಿಲ್ಲ, ನೀರೂ ಮುಟ್ಟುತ್ತಿಲ್ಲ." ನಾಯಿಗೆ ಹಸಿವಿರುತ್ತದೆ, ಆದರೆ ತಲೆ ತಗ್ಗಿಸಿದ ಕೂಡಲೇ ಕೋನಿನ ಅಂಚು ನೆಲಕ್ಕೆ ತಾಗಿ, ಬಾಯಿ ಬಟ್ಟಲಿಗೆ ತಲುಪುವುದೇ ಇಲ್ಲ. ಕೋಲಾರದಲ್ಲಿ ಟೊಮೆಟೊ ಕ್ರೇಟ್ ಇಲ್ಲದ ಮನೆ ಹುಡುಕುವುದು ಕಷ್ಟ. ಒಂದು ಕ್ರೇಟನ್ನು ಬೋರಲು ಹಾಕಿ, ಅದರ ಮೇಲೆ ಒದ್ದೆ ಬಟ್ಟೆ ಹಾಸಿ, ಬಟ್ಟೆಯ ಮೇಲೆ ಬಟ್ಟಲು ಇಡಿ. ಒದ್ದೆ ಬಟ್ಟೆಯಿಂದ ಬಟ್ಟಲು ಜಾರುವುದಿಲ್ಲ. ಸಣ್ಣ ನಾಯಿಗೆ ಕ್ರೇಟ್ ಎತ್ತರವಾದರೆ ಎರಡು ಇಟ್ಟಿಗೆಗಳು ಸಾಕು. ಬಟ್ಟಲು ಕೋನಿನ ಬಾಯಿಗಿಂತ ಚಿಕ್ಕದಾಗಿರಬೇಕು, ಕೋನ್ ಇಡೀ ಬಟ್ಟಲನ್ನು ಮುಚ್ಚಿಕೊಂಡು ಕೂತಾಗ ಬಾಯಿ ನೇರವಾಗಿ ಅನ್ನಕ್ಕೆ ಸಿಗುತ್ತದೆ. ಆಳದ ಪಾತ್ರೆಗಿಂತ ಬಾಳೆಹಣ್ಣಿನ ಶೀಕರಣೆ ಹಾಕಿಕೊಳ್ಳುವಂಥ ಅಗಲ ಕಡಿಮೆಯ, ಗಿಡ್ಡ ಅಂಚಿನ ಸ್ಟೀಲ್ ಬಟ್ಟಲು ಒಳ್ಳೆಯದು.

ಇಷ್ಟು ಮಾಡಿದರೂ ಮುಟ್ಟದಿದ್ದರೆ ಕೈಯಿಂದ ತಿನ್ನಿಸಿ. ರಾಗಿ ಮುದ್ದೆಯನ್ನು ಸಣ್ಣ ಉಂಡೆ ಮಾಡಿ, ಉಪ್ಪು ಹಾಕದೆ ಬೇಯಿಸಿದ ಕೋಳಿಯ ನೀರಿನಲ್ಲಿ ಅದ್ದಿ ಬಾಯಿಗೆ ಕೊಟ್ಟರೆ ಸಾಮಾನ್ಯವಾಗಿ ಯಾವ ನಾಟಿ ನಾಯಿಯೂ ಬೇಡವೆನ್ನುವುದಿಲ್ಲ, ಮೊಸರನ್ನವೂ ಆದೀತು. ಮನೆಯ ಸಾರು ಬೇಡ, ಅದರಲ್ಲಿರುವ ಈರುಳ್ಳಿ ಮತ್ತು ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳಿಗೆ ಹಾನಿಕರ. ಕೊನೆಯ ಉಪಾಯವಾಗಿ ಊಟದ ಹೊತ್ತಿಗೆ ಮಾತ್ರ ಕೋನ್ ತೆಗೆಯುವುದಾದರೆ, ಒಬ್ಬರು ಕೊರಳಪಟ್ಟಿ ಹಿಡಿದು ಕೂತಿರಬೇಕು, ಫೋನ್ ಬಂದರೂ ಏಳಬಾರದು, ಕೊನೆಯ ತುತ್ತು ಮುಗಿದ ಕ್ಷಣವೇ ಕೋನ್ ಮರಳಿ ಕೊರಳಿಗೆ ಬರಬೇಕು.

ಮನೆಯೊಳಗೆ, ಬೀದಿಯಲ್ಲಿ

ಕೋನ್ ಹಾಕಿದ ನಾಯಿಗೆ ಪಕ್ಕದ ನೋಟ ಕಡಿಮೆಯಾಗುತ್ತದೆ ಮತ್ತು ಶಬ್ದ ಬರುವ ದಿಕ್ಕು ಗೊಂದಲವಾಗುತ್ತದೆ. ಆದ್ದರಿಂದ ಹಿಂದಿನಿಂದ ಬಂದು ಮುಟ್ಟಬೇಡಿ. ಹೆಸರು ಕರೆದು, ಮುಂದಿನಿಂದ ಬಂದು, ಆಮೇಲೆ ಮೈ ಸವರಿ. ಎಷ್ಟೇ ಸಾಧು ನಾಯಿಯಾದರೂ ನೋವಿನಲ್ಲಿ ಬೆಚ್ಚಿಬಿದ್ದರೆ ಕಚ್ಚಬಹುದು ಎಂಬುದನ್ನು ಮಕ್ಕಳಿಗೆ ಹೇಳಿಡಿ. ನಡುಮನೆಯಲ್ಲಿ ಅದು ಓಡಾಡುವ ದಾರಿಯಿಂದ ಸ್ಟೂಲು, ಚೀಲ, ಹೂಕುಂಡಗಳನ್ನು ಸರಿಸಿ, ಮಹಡಿಯ ಮೆಟ್ಟಿಲಿಗೆ ಹಲಗೆ ಅಡ್ಡವಿಡಿ. ಹಳೆಯ ಮನೆಗಳ ಎತ್ತರದ ಹೊಸ್ತಿಲು ದೊಡ್ಡ ತೊಡಕು: ಕೋನಿನ ಕೆಳ ಅಂಚು ಅದಕ್ಕೆ ತಗುಲಿ ನಾಯಿ ಮುಗ್ಗರಿಸುತ್ತದೆ. ಪ್ರತಿ ಬಾರಿಯೂ ಕೋನನ್ನು ಕೈಯಿಂದ ತುಸು ಎತ್ತಿ ದಾಟಿಸಿದರೆ ಮೂರನೆಯ ದಿನಕ್ಕೆ ಅದೇ ತಲೆ ಎತ್ತಿ ದಾಟುವುದನ್ನು ಕಲಿಯುತ್ತದೆ. ಮನೆಯಲ್ಲಿ ಇನ್ನೊಂದು ನಾಯಿಯಿದ್ದರೆ ಎರಡನ್ನೂ ಬೇರೆ ಮಲಗಿಸಿ, ಏಕೆಂದರೆ ಇದು ತಲುಪಲಾಗದ ಗಾಯವನ್ನು ಅದು ಬಂದು ನೆಕ್ಕುತ್ತದೆ.

ಹೊರಗೆ ಕರೆದೊಯ್ಯುವುದು ಮಲಮೂತ್ರಕ್ಕೆ ಮಾತ್ರ, ದಿನಕ್ಕೆ ಮೂರು ನಾಲ್ಕು ಬಾರಿ, ಹತ್ತು ನಿಮಿಷ ಮೀರದಂತೆ, ಗಿಡ್ಡ ಹಗ್ಗದಲ್ಲಿ. ಉತ್ತ ಹೊಲದಲ್ಲಿ ಅಥವಾ ಮಣ್ಣುಗುಡ್ಡೆಯಲ್ಲಿ ಮೂಸಲು ಬಿಟ್ಟರೆ ಕೋನ್ ಸಲಿಕೆಯಂತೆ ಮಣ್ಣು ಬಾಚಿ ಕಣ್ಣಿಗೆ ತುಂಬುತ್ತದೆ. ಸಿಮೆಂಟ್ ನೆಲ ಅಥವಾ ಗಟ್ಟಿ ಹುಲ್ಲು ವಾಸಿ. ಬೀದಿಯ ಬೇರೆ ನಾಯಿಗಳಿಗೆ ಇದರ ರೂಪವೇ ವಿಚಿತ್ರವಾಗಿ ಕಂಡು ಗುಂಪಾಗಿ ಮೇಲೆ ಬೀಳಬಹುದು, ಇದಕ್ಕೆ ಅವುಗಳ ಮುಖಭಾವವೂ ಸರಿಯಾಗಿ ಕಾಣುವುದಿಲ್ಲ, ಓಡಲೂ ಆಗುವುದಿಲ್ಲ. ಬೀದಿ ನಿರ್ಜನವಾಗಿರುವ ಹೊತ್ತನ್ನು ಆರಿಸಿಕೊಳ್ಳಿ. ಮಾರ್ಚ್‌ನಿಂದ ಮೇ ವರೆಗಿನ ಬಿಸಿಲಿನಲ್ಲಿ ಹಗಲೆಲ್ಲ ನೆರಳು, ಫ್ಯಾನಿನ ಗಾಳಿ, ಆಗಾಗ ತಣ್ಣೀರು ಅವಶ್ಯ. ನಾಯಿ ಮೈ ತಣಿಸಿಕೊಳ್ಳುವುದು ಏದುಸಿರಿನಿಂದ, ಕೋನಿನೊಳಗೆ ಆ ಬಿಸಿಗಾಳಿ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಓಡಾಟ ನಿಂತ ನಾಯಿಗೆ ಬೇಸರವಾಗುತ್ತದೆ, ಬೇಸರವಾದ ನಾಯಿ ಕೋನನ್ನೇ ಗೋಡೆಗೆ ಉಜ್ಜುತ್ತದೆ. ತಿಂಡಿಯ ಚೂರುಗಳನ್ನು ಹಳೆಯ ಟವೆಲಿನಲ್ಲಿ ಸುತ್ತಿ ಕ್ರೇಟಿನ ಮೇಲಿಟ್ಟು, ಮೂಗಿನಿಂದ ಬಿಡಿಸಿಕೊಳ್ಳಲು ಕೊಡಿ. ಕೋನಿನಿಂದಾಗಿ ಅದು ತುರಿಸಿಕೊಳ್ಳಲಾಗದ ಕಿವಿಯ ಹಿಂಭಾಗ, ಕೆನ್ನೆ, ಗದ್ದದ ಕೆಳಗೆ ನೀವೇ ದಿನಕ್ಕೆ ಎರಡು ಮೂರು ಬಾರಿ ತುರಿಸಿ. ಕೆಂಚಿ ಈ ತುರಿಕೆಗಾಗಿಯೇ ಕೋನನ್ನು ತಂದು ನನ್ನ ಮಂಡಿಗೆ ಒರಗಿಸಿ ನಿಲ್ಲುತ್ತಿತ್ತು. ಹಾಗೆ ತುರಿಸುವಾಗ ಉಣ್ಣಿಗಳೂ ಕೈಗೆ ಸಿಗುತ್ತವೆ, ತೆಗೆದುಹಾಕಿ.

ದಿನಕ್ಕೆರಡು ಬಾರಿ ಪರೀಕ್ಷೆ

ಬೆಳಿಗ್ಗೆ ಮತ್ತು ಸಂಜೆ ಒಬ್ಬರು ನಾಯಿಯನ್ನು ಹಿಡಿದು ಇನ್ನೊಬ್ಬರು ಕೋನ್ ಬಿಚ್ಚಿ, ಸೋಪಿನ ನೀರಿನಲ್ಲಿ ಒರೆಸಿ ಒಣಗಿಸಿ ಹಾಕಿ. ಅನ್ನದ ಅಗುಳು, ಜೊಲ್ಲು ಒಳಗೆ ಉಳಿದರೆ ಇರುವೆ, ನೊಣ ಮುತ್ತುತ್ತವೆ. ಆಗಲೇ ಕೊರಳ ಸುತ್ತ ಕೂದಲು ಸರಿಸಿ ನೋಡಿ: ಚರ್ಮ ಕೆಂಪಾಗಿದ್ದರೆ ಅಂಚಿಗೆ ಹತ್ತಿ ಬಟ್ಟೆಯ ಪಟ್ಟಿ ಹೊಲಿಯಿರಿ.

ಗಾಯವನ್ನು ಪ್ರತಿದಿನ ಒಂದೇ ಬೆಳಕಿನಲ್ಲಿ ಫೋಟೊ ತೆಗೆದಿಟ್ಟರೆ ಹೋಲಿಸಲು ಅನುಕೂಲ. ಮೊದಲೆರಡು ದಿನ ಸ್ವಲ್ಪ ಕೆಂಪು, ಸ್ವಲ್ಪ ಊತ ಸಹಜ. ಊತ ಏರುತ್ತಿದ್ದರೆ, ಕೀವು ಅಥವಾ ದುರ್ವಾಸನೆ ಬಂದರೆ, ರಕ್ತ ತೊಟ್ಟಿಕ್ಕಿದರೆ, ಹೊಲಿಗೆಯ ನಡುವೆ ಬಿರುಕು ಕಂಡರೆ, ಒಂದು ದಿನ ಕಳೆದರೂ ನಾಯಿ ಏನೂ ತಿನ್ನದಿದ್ದರೆ, ಪದೇ ಪದೇ ವಾಂತಿಯಾದರೆ, ಒಸಡು ಬಿಳುಪೇರಿದರೆ ಕಾಯದೆ ವೈದ್ಯರನ್ನು ಕಾಣಬೇಕು. ಹೊಲಿಗೆ ಪೂರ್ತಿ ಬಿಟ್ಟು ಒಳಗಿನದೇನಾದರೂ ಹೊರಗೆ ಕಂಡರೆ ಅದನ್ನು ಒಳಗೆ ತಳ್ಳಬೇಡಿ. ಸಲೈನಿನಲ್ಲಿ ನೆನೆಸಿದ ಶುಭ್ರ ಬಟ್ಟೆ ಮುಚ್ಚಿ, ಕೋನ್ ತೆಗೆಯದೆ, ಆ ಕ್ಷಣವೇ ಹೊರಡಿ. ಸಂಚಾರಿ ಪಶುಚಿಕಿತ್ಸಾ ವಾಹನಗಳ ಸಹಾಯವಾಣಿ 1962 ಕೂಡ ಗೋಡೆಯ ಮೇಲೆ ಬರೆದಿರಲಿ.

ಅರಿಶಿನ, ಬೇವಿನೆಣ್ಣೆ, ಡೆಟಾಲ್, ಕಾಫಿಪುಡಿ ಯಾವುದನ್ನೂ ಹೊಲಿಗೆಗೆ ಹಚ್ಚಬೇಡಿ. ವಾಸನೆಗೆ ನಾಯಿ ಇನ್ನೂ ಹೆಚ್ಚು ನೆಕ್ಕಲು ಹವಣಿಸುತ್ತದೆ, ಗಾಯದ ಸ್ಥಿತಿಯೂ ಕಾಣಿಸುವುದಿಲ್ಲ. ಮನುಷ್ಯರ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳು ನಾಯಿಯ ಜೀವಕ್ಕೇ ಎರವಾಗಬಹುದು. ವೈದ್ಯರು ಬರೆದ ನೋವಿನ ಔಷಧಿಯನ್ನು ಮಾತ್ರ ಪೂರ್ತಿ ದಿನಗಳವರೆಗೆ ಕೊಡಿ, ನೋವು ಹತೋಟಿಯಲ್ಲಿದ್ದರೆ ಗಾಯದ ಕಡೆಗೆ ನಾಯಿಯ ಗಮನವೂ ಕಡಿಮೆಯಾಗುತ್ತದೆ. ಹೊಲಿಗೆ ತೆಗೆಯುವವರೆಗೆ ಸ್ನಾನ ಮಾಡಿಸಬಾರದು.

ಏನು ಮಾಡಿದರೂ ಕೋನನ್ನು ಸಹಿಸದ ನಾಯಿಗಳು ಇಲ್ಲದಿಲ್ಲ. ಹೊಟ್ಟೆಯ ಗಾಯವಾಗಿದ್ದರೆ, ವೈದ್ಯರು ಒಪ್ಪಿದರೆ, ಹಳೆಯ ಹತ್ತಿ ಬನಿಯನ್ ಹಾಕಿ ನೋಡಬಹುದು: ಕುತ್ತಿಗೆಯಲ್ಲಿ ತಲೆ, ತೋಳುಗಳಲ್ಲಿ ಮುಂಗಾಲು ತೂರಿಸಿ, ಉಳಿದ ಭಾಗವನ್ನು ಬೆನ್ನ ಮೇಲೆ ಎಳೆದು ಗಂಟು ಹಾಕಬೇಕು, ಮೂತ್ರಕ್ಕೆ ಹೋಗುವಾಗ ಎತ್ತಿ ಕಟ್ಟಬೇಕು, ಒದ್ದೆಯಾದರೆ ಆಗಲೇ ಬದಲಿಸಬೇಕು. ನೀವು ಎಚ್ಚರವಾಗಿ ಎದುರಿಗಿರುವಾಗ ಇದು ಸಾಕು, ರಾತ್ರಿಗೆ ಕೋನೇ ಬೇಕು.

ತೆಗೆಯುವ ದಿನ

ಚರ್ಮದ ಹೊಲಿಗೆಗಳನ್ನು ಸಾಮಾನ್ಯವಾಗಿ 10ರಿಂದ 14 ದಿನಗಳ ನಡುವೆ ತೆಗೆಯುತ್ತಾರೆ. ತಾನಾಗಿ ಕರಗುವ ಹೊಲಿಗೆ ಹಾಕಿದ್ದರೂ ಕೋನಿನ ಅವಧಿ ಹೆಚ್ಚುಕಡಿಮೆ ಅಷ್ಟೇ. ಹೊರಗಡೆ ದಾರ ಕಾಣುತ್ತಿಲ್ಲವೆಂಬ ಕಾರಣಕ್ಕೆ ಮೊದಲೇ ತೆಗೆಯುವಂತಿಲ್ಲ. ಒಂಬತ್ತು ಹತ್ತನೆಯ ದಿನಗಳಲ್ಲಿ ಗಾಯ ಮಾಗುತ್ತಾ ತುರಿಕೆ ಹೆಚ್ಚುತ್ತದೆ, ನಾಯಿ ನೋಡಲು ಪೂರ್ತಿ ಗುಣವಾದಂತೆ ಕಾಣುತ್ತದೆ, ಮನೆಯವರ ಎಚ್ಚರ ಸಡಿಲವಾಗುವುದೂ ಆಗಲೇ. ಹೊಲಿಗೆ ತೆಗೆದ ದಿನವೂ ಸೂಜಿಯ ತೂತುಗಳು ಮುಚ್ಚಿಕೊಳ್ಳಲು ಇನ್ನೊಂದು ರಾತ್ರಿ ಕೋನ್ ಇರಲಿ. ಮರುದಿನ ನೀವು ಎದುರಿಗೆ ಕೂತಿರುವಾಗ ಒಂದು ಗಂಟೆ ತೆಗೆದು ನೋಡಿ. ನಾಯಿ ಆ ಜಾಗವನ್ನು ಒಮ್ಮೆ ಮೂಸಿ ಬಿಟ್ಟುಬಿಟ್ಟರೆ ಸರಿ, ಬಿಡದೆ ನೆಕ್ಕತೊಡಗಿದರೆ ಮತ್ತೆರಡು ದಿನ ಹಾಕಿ.

ತೆಗೆದ ಮೇಲೂ ಕೆಂಚಿ ಒಂದು ವಾರ ಹೊಸ್ತಿಲ ಬಳಿ ಬಂದಾಗ ತಲೆಯನ್ನು ಎತ್ತಿಯೇ ದಾಟುತ್ತಿತ್ತು. ಕೋನನ್ನು ಬಿಸಿನೀರು, ಸೋಪಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಅಳತೆಯ ದಾರವನ್ನು ಅದಕ್ಕೇ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇವೆ. ಬೀದಿಯ ಇನ್ನೊಂದು ಮನೆಯ ನಾಯಿಗೆ ಅದು ಈಗಾಗಲೇ ಒಮ್ಮೆ ಹೋಗಿ ಬಂದಿದೆ.